ಮಕ್ಕಳ ಸಹಾಯವಾಣಿ 1098ಕ್ಕೆ ದೂರು ಹೋಗಿದೆ, ಮಗುವಿಗೆ ಆಟಿಸಂ. ಮನೆಗೆ ಬಂದವರಿಗೆ ಏನು ತೋರಿಸಬೇಕು? (ಮಾತಾಡಿದವರ ಹೆಸರಿನ ಬದಲು ಅವರ ಬಡಾವಣೆ ಹಾಕಿದೆ.)

ವಿಜಯನಗರ: ಹುಡುಗನಿಗೆ ಏಳು ವರ್ಷ, ಮಾತಿಲ್ಲ. ರಂಪ ಹತ್ತಿದರೆ ಹಣೆ ಗೋಡೆಗೆ ಚಚ್ಚಿಕೊಳ್ತಾನೆ, ಮುಂಗೈ ಕಚ್ಚಿಕೊಳ್ತಾನೆ. ಕಿರುಚಾಟ ಕೇಳಿ ಯಾರೋ 1098ಕ್ಕೆ ಫೋನ್ ಮಾಡಿದ್ದಾರೆ. ನಾಳಿದ್ದು ಮಕ್ಕಳ ರಕ್ಷಣಾ ಘಟಕದವರು ಬರ್ತಾರೆ. ಮಗುನ ಕರ್ಕೊಂಡು ಹೋಗಿಬಿಡಬಹುದಾ?

ಬನಶಂಕರಿ: ವೈಕಲ್ಯ ಇದೆ ಅನ್ನೋ ಕಾರಣಕ್ಕೆ ಆಗಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅದಕ್ಕೆ ಕೋರ್ಟ್ ಆದೇಶ ಬೇಕು. ಆದರೆ ಅವರು ನೋಡೋಕೆ ಬರೋದು ವೈಕಲ್ಯ ಅಲ್ಲ, ಗಾಯ. ‘ತಾನೇ ಚಚ್ಚಿಕೊಂಡ’ ಅಂತ ಬಾಯಲ್ಲಿ ಹೇಳಿದರೆ ಸಾಲದು. ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ; ಗಾಯ ಎಲ್ಲೆಲ್ಲಿದೆ, ಎಷ್ಟು ದಿನದ್ದು, ಕಾರಣ ಹೊಂದುತ್ತಾ ಅಂತ ಬರೆಸಿ, ಸೀಲ್ ಹಾಕಿಸಿ. ಹಣೆ, ಮುಂಗೈ ಗುರುತು ನಿಮ್ಮ ಮಾತಿಗೆ ಹೊಂದುತ್ತೆ. ಬೆನ್ನಲ್ಲೋ ತೊಡೆ ಹಿಂದೆಯೋ ಇದ್ದರೆ ಬೇರೆ ಪ್ರಶ್ನೆ ಬರುತ್ತೆ.

ನೋಟ್‌ಬುಕ್ ಇಡಿ: ತಾರೀಕು, ಎಷ್ಟು ನಿಮಿಷ, ಮುಂಚೆ ಏನಾಯ್ತು (ಮಿಕ್ಸಿ ಸದ್ದು, ಕರೆಂಟ್ ಹೋಗಿದ್ದು), ಹೇಗೆ ನಿಂತಿತು. ದಯವಿಟ್ಟು ಹಿಂದಿನ ತಾರೀಕೆಲ್ಲ ಹಾಕಿ ಒಂದೇ ಪೆನ್ನಲ್ಲಿ ತುಂಬಿಸಬೇಡಿ, ನೋಡಿದ ಕೂಡಲೇ ಗೊತ್ತಾಗುತ್ತೆ. ಇವತ್ತಿಂದ ಶುರುವಾದ ಎರಡು ಪುಟ ಸಾಕು. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಥೆರಪಿ ಹಾಜರಿ, ಮಾತ್ರೆ ಚೀಟಿ ಜೆರಾಕ್ಸ್ ಕೊಡಿ. ಒರಿಜಿನಲ್ ಕೊಡಬೇಡಿ.

ಕೆಂಗೇರಿ: ಕೋಣೆಗೆ ಹೊರಗಡೆ ಚಿಲಕ ಇದೆಯಾ? ಕುರ್ಚಿಗೆ ಕಟ್ಟೋ ಪಂಚೆ? ಮನೆಯವರಿಗೆ ಅದು ಸುರಕ್ಷತೆ, ವರದಿಯಲ್ಲಿ ‘ಕಟ್ಟಿಹಾಕಿದ್ದರು’ ಅಂತ ಬರುತ್ತೆ. ಬಚ್ಚಿಡೋದಲ್ಲ, ಕೂಡಿ ಹಾಕೋದು, ಕಟ್ಟೋದನ್ನೇ ನಿಲ್ಲಿಸಿಬಿಡಿ. ಚಚ್ಚಿಕೊಳ್ಳೋ ಗೋಡೆಗೆ ಅವನ ತಲೆ ಎತ್ತರದವರೆಗೆ ಫೋಮ್ ಹಾಕಿ, ಮುಂಬಾಗಿಲಿಗೆ ಮೇಲೊಂದು ಚಿಲಕ. ಥೆರಪಿಸ್ಟೇ ಬೆಲ್ಟ್ ಹೇಳಿದ್ದರೆ ಯಾವಾಗ, ಎಷ್ಟು ನಿಮಿಷ ಅಂತ ಅವರ ಕೈಯಲ್ಲೇ ಬರೆಸಿ.

ಮಲ್ಲೇಶ್ವರ: ಬನಶಂಕರಿಯವರೇ, ಬರೀ 9ನೇ ಸೆಕ್ಷನ್ ನಂಬಿ ಕೂರೋದು ಬೇಡ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಗೂ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ. ಆರೈಕೆಗೆ ಹೆತ್ತವರು ಯೋಗ್ಯರಲ್ಲ ಅಂತ ಸಮಿತಿಗೆ ಕಂಡರೆ ವಿಷಯ ಬೇರೆಯೇ. ಮಗುನ ಒಯ್ದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆಗೆ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ಆದೇಶದ ಪ್ರತಿ ಕೇಳಿ ಪಡೀರಿ. ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕೋಕೆ 30 ದಿನ ಇದೆ. ವಕೀಲರು ಬೇಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರು, ಮಕ್ಕಳು, ವಿಕಲಚೇತನರಿಗೆ ಆದಾಯ ನೋಡದೆ ಉಚಿತ.

ವಿಜಯನಗರ: ಅವರ ಎದುರಿಗೇ ರಂಪ ಹತ್ತಿದರೆ?

ಕೆಂಗೇರಿ: ಹತ್ತಲಿ. ನೀವು ಹೇಗೆ ಸುಧಾರಿಸ್ತೀರಿ ಅಂತ ನೋಡೋದೂ ಅವರ ಕೆಲಸವೇ. ನಾಳೆ ಫೋನ್ ಮಾಡಿ, ಅವನು ಊಟ ಮಾಡಿ ಶಾಂತವಾಗಿರೋ ಹೊತ್ತಿಗೆ ಬನ್ನಿ, ಒಳಗೆ ಇಬ್ಬರೇ ಬನ್ನಿ, ಬೆಲ್ ಒತ್ತಬೇಡಿ ಅಂತ ಕೇಳಿಕೊಳ್ಳಿ.