ಎಂಟು ವರ್ಷ ನಿಂತ ಪದ್ಮಿನಿ: ಸೀದಾ ಸೆಲ್ಫ್ ಹೊಡೆಯಬಹುದಾ?

ಪ್ರಶ್ನೆ: 1984ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಗಾಡಿ. ಟ್ಯಾಂಕ್‌ನಲ್ಲಿ ಹಳೇ ಪೆಟ್ರೋಲ್ ಇದೆ. ಹೊಸ ಬ್ಯಾಟರಿ ಹಾಕಿ ನೋಡಲಾ?

ಉತ್ತರ 1: ಬೇಡ ಸರ್. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೆ 5–10 ಮಿ.ಲೀ. ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಆಮೇಲೆ ಟಾಪ್ ಗೇರ್‌ನಲ್ಲಿ ಗಾಡಿ ಮೆಲ್ಲಗೆ ತಳ್ಳಿ, ಇಂಜಿನ್ ತಿರುಗಬೇಕು. ಜಾಮ್ ಆಗಿದ್ದರೆ ಬಲ ಹಾಕಬೇಡಿ, ಪಿಸ್ಟನ್ ರಿಂಗ್ ಮುರಿಯುತ್ತೆ. ತಿರುಗಿದರೆ ಆಯಿಲ್, ಫಿಲ್ಟರ್ ಬದಲಿಸಿ. ಕಿಡಿ ಹಾರದಂತೆ ಇಗ್ನಿಷನ್ ಕಾಯಿಲ್ ವೈರ್ ತೆಗೆದು, ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆಯಿರಿ; ಡ್ಯಾಶ್‌ಬೋರ್ಡ್‌ನ ಆಯಿಲ್ ಪ್ರೆಶರ್ ದೀಪ ಆರಿದ ಮೇಲೆಯೇ ಪ್ಲಗ್ ಹಾಕಿ.

ಉತ್ತರ 2: ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ವಾರ್ನಿಷ್ ವಾಸನೆ ಬಂದರೆ ಕಾರ್ಬುರೇಟರ್ ಜೆಟ್ಟೂ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಂಡಿದೆ ಅಂತಲೇ ಲೆಕ್ಕ. ಕ್ಲೀನರ್ ಹೊಡೆದು ಗಾಳಿ ಬಿಡಿ, ತಂತಿ ತೂರಿಸಬೇಡಿ: ತೂತು ದೊಡ್ಡದಾದರೆ ಪೆಟ್ರೋಲ್-ಗಾಳಿ ಮಿಕ್ಸ್ಚರ್ ಹದಕ್ಕೆ ಸಿಗಲ್ಲ. ಪೆಟ್ರೋಲ್ ಪಂಪ್‌ನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹೊಸದೇ ಹಾಕಿ. ಹರಿದಿದ್ದರೆ ಪೆಟ್ರೋಲ್ ಇಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿದು ಆಯಿಲ್ ತೆಳುವಾಗುತ್ತೆ; ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು: ಇಂಜಿನ್ ತಿರುಗ್ತು. ಕಿಡಿ ಇಲ್ಲ.

ಉತ್ತರ 1: ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗೆ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಕಿಲುಬು ಹಿಡಿದಿರುತ್ತೆ. 400 ನಂಬರ್ ಎಮರಿ ಪೇಪರ್‌ನಲ್ಲಿ ಉಜ್ಜಿ, ಗ್ಯಾಪ್ 0.45 ಮಿ.ಮೀ. ಇಡಿ.

ಉತ್ತರ 3: ಸ್ಟಾರ್ಟ್ ಆದ ಖುಷಿಗೆ ರಸ್ತೆಗೆ ಇಳಿಸಬೇಡಿ ಮಾರಾಯ್ರೆ. ನಾಲ್ಕೂ ಬ್ರೇಕ್ ಡ್ರಮ್ ಬಿಚ್ಚಿ, ಒಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್‌ನ ರಬ್ಬರ್ ಕಿಟ್ ಬದಲಿಸಿ, ಹೊಸ ಬ್ರೇಕ್ ಆಯಿಲ್ ತುಂಬಿ ಬ್ರೇಕ್ ಪೈಪಿನ ಗಾಳಿ ತೆಗೆಯಿರಿ.