ಪ್ರಶ್ನೋತ್ತರ: ದೀಪವಿಲ್ಲದ ಮಣ್ಣಿನ ಪಟ್ಟಿಗೆ ಫ್ಲೈಯಿಂಗ್ ಡಾಕ್ಟರ್ ವಿಮಾನ ರಾತ್ರಿ ಇಳಿಯೋದು ಹೇಗೆ?

ಪ್ರಶ್ನೆ: ಆಸ್ಟ್ರೇಲಿಯಾದ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ (ದೂರದ ಜಾಗಗಳ ರೋಗಿಗಳಿಗೆ ವಿಮಾನದಲ್ಲಿ ಚಿಕಿತ್ಸೆ ತಲುಪಿಸೋ ಸೇವೆ) 1928ರಿಂದ ನಡೀತಿದೆ ಅಂತ ಓದಿದೆ. ದನ ಸಾಕುವ ಸ್ಟೇಷನ್‌ಗಳಲ್ಲಿ ಟವರ್ ಇಲ್ಲ, ರನ್‌ವೇ ದೀಪವೂ ಇರಲ್ಲ. ಮತ್ತೆ ರಾತ್ರಿ ಹೇಗೆ ಇಳೀತಾರೆ? ಗೊತ್ತಿರೋರು ಹೇಳಿ ಸರ್.

ಉತ್ತರ (ಪೈಲಟ್): ಅರ್ಧ ಕೆಲಸ ಮಾಡೋದು ಸ್ಟೇಷನ್ನಿನವರೇ. ಪಿಸಿ-12 (ಒಂದೇ ಎಂಜಿನ್ನಿನ ಟರ್ಬೋಪ್ರಾಪ್, ಅಂದ್ರೆ ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸೋದು) ಥರದ ವಿಮಾನಕ್ಕೆ ಅಂದಾಜು 1000ದಿಂದ 1200 ಮೀಟರ್ ಪಟ್ಟಿ ಬೇಕು. ಗಟ್ಟಿ ಸ್ಪ್ರಿಂಗಿನ ಗಾಡಿಯನ್ನ ಅದರ ಮೇಲೆ 75 ಕಿ.ಮೀ. ವೇಗದಲ್ಲಿ ಓಡಿಸಿದಾಗ ಒಳಗಿದ್ದವರಿಗೆ ಕಿರಿಕಿರಿ ಆಗದಿದ್ರೆ ಮೇಲ್ಮೈ ಸರಿಯಿದೆ. ಮಳೆ ಬಿದ್ದಿದ್ರೆ ಇನ್ನೊಂದು ಪರೀಕ್ಷೆ: ಭಾರ ತುಂಬಿದ ಟ್ರಕ್ಕನ್ನ ನಿಧಾನಕ್ಕೆ ಓಡಿಸಬೇಕು, ಟೈರು 25 ಮಿ.ಮೀ.ಗಿಂತ ಹೆಚ್ಚು ಹೂತರೆ ಇಳಿಯೋ ಮಾತಿಲ್ಲ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಜೂಲಿಯಾ ಕ್ರೀಕ್, ಲಾಂಗ್‌ರೀಚ್ ಕಡೆಯ ಮಣ್ಣು ನಮ್ಮ ವಿಜಯಪುರದ ಎರೆಮಣ್ಣಿನ ಜಾತಿಯದೇ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಅಡಿಯಲ್ಲಿ ಹಸಿ. ನೋಡಿ ನಂಬೋಹಾಗಿಲ್ಲ.

ದೀಪಗಳನ್ನ ಎರಡೂ ಅಂಚಿಗೆ 90 ಮೀಟರಿಗೊಂದರಂತೆ ಇಡ್ತಾರೆ. 1000 ಮೀಟರಿಗೆ ಅಂಚಿಗೆ 12, ಒಟ್ಟು 24. ಈಗ ಬ್ಯಾಟರಿ ದೀಪ ಬಂದಿವೆ. ಅವು ಇಲ್ಲದ ಕಡೆ ಹಾಲಿನಪುಡಿ ಡಬ್ಬಿಯಲ್ಲಿ ಟಾಯ್ಲೆಟ್ ರೋಲ್ ಇಟ್ಟು, ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ನೆನೆಸಿ ಹಚ್ಚೋದು. ಪೆಟ್ರೋಲ್ ಬೇಡವೇ ಬೇಡ, ಹಚ್ಚೋ ಕೈಗೇ ಬೆಂಕಿ ಹತ್ತುತ್ತೆ. ಜೀಪಿನ ಹೆಡ್‌ಲೈಟ್ ವಿಮಾನ ಬರೋ ದಿಕ್ಕಿಗೆ ಮುಖ ಮಾಡಿರಬಾರದು, ಪೈಲಟ್ ಕಣ್ಣು ಕೋರೈಸುತ್ತೆ. ಕೊನೇ ಗಳಿಗೆಯಲ್ಲಿ ಒಂದು ಸುತ್ತು ಗಾಡಿ ಓಡಿಸಿ ಕಾಂಗರೂ ಓಡಿಸಬೇಕು. ಅರ್ಧ ಗಂಟೆ ಮೊದಲೇ ಓಡಿಸಿದ್ರೆ ಅವು ವಾಪಸ್ ಬಂದಿರುತ್ತವೆ. ಟೇಕಾಫ್‌ಗೆ ಮುಂಚೆಯೂ ಮತ್ತೆ ಇದೇ ಕೆಲಸ.

ಇನ್ನು ಪೈಲಟ್ ಕಡೆಯ ಅಪಾಯ. ಸುತ್ತ ಒಂದೂ ದೀಪವಿಲ್ಲದ ಕಗ್ಗತ್ತಲಲ್ಲಿ ಎರಡು ಸಾಲು ಬೆಳಕು ಮಾತ್ರ ಕಂಡಾಗ, ತಾನು ಬೇಕಾದ್ದಕ್ಕಿಂತ ಎತ್ತರದಲ್ಲಿದ್ದೀನಿ ಅಂತ ಕಣ್ಣು ಮೋಸ ಮಾಡುತ್ತೆ. ಬ್ಲ್ಯಾಕ್ ಹೋಲ್ ಅಂತಾರೆ. ಕಣ್ಣು ನಂಬಿ ಮೂಗು ತಗ್ಗಿಸಿದ್ರೆ ಪಟ್ಟಿಗೆ ಮೊದಲೇ ನೆಲ ಸಿಗುತ್ತೆ. ಅದಕ್ಕೆ ಜಿಪಿಎಸ್ ದೂರ ನೋಡಿ ಲೆಕ್ಕ: ನಾಟಿಕಲ್ ಮೈಲಿಗೆ 300 ಅಡಿ. 3 ಮೈಲಿ ದೂರದಲ್ಲಿ ನೆಲದಿಂದ 900 ಅಡಿ ಎತ್ತರ. ನೆಲಕ್ಕೆ ಹೋಲಿಸಿದ ವೇಗ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ಇದ್ರೆ ಇಳಿಕೆ ನಿಮಿಷಕ್ಕೆ 500 ಅಡಿ.

ಪ್ರಶ್ನೆ: ಹಗಲಿನ ಬಿಸಿಲಲ್ಲಿ ಇದೆಲ್ಲ ಸುಲಭ ಅಲ್ವಾ?

ಉತ್ತರ (ಪೈಲಟ್): ಕಣ್ಣಿಗೆ ಸುಲಭ, ರೆಕ್ಕೆಗೆ ಕಷ್ಟ. ಆಲಿಸ್ ಸ್ಪ್ರಿಂಗ್ಸ್ ಸುಮಾರು 1,790 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಮಾನಕ ತಾಪ (ವಿಮಾನದ ಲೆಕ್ಕಗಳಿಗೆ ಆಧಾರವಾಗಿ ಹಿಡಿಯೋ ತಾಪ) ಹತ್ತಿರ ಹತ್ತಿರ 11.5 ಡಿಗ್ರಿ. ಅಲ್ಲಿ 42 ಡಿಗ್ರಿ ಇದ್ರೆ 30 ಡಿಗ್ರಿ ಹೆಚ್ಚು; ಡಿಗ್ರಿಗೆ 120 ಅಡಿ ಸೇರಿಸಿ. ಗಾಳಿ 5,400 ಅಡಿಯಷ್ಟು ಮೇಲಿನ ಗಾಳಿಯಂತೆ ತೆಳು. ಟೇಕಾಫ್ ಓಟ ಉದ್ದ ಆಗುತ್ತೆ, ಮೆತ್ತಗಿನ ಮರಳಿದ್ರೆ ಇನ್ನೂ ಉದ್ದ. ಪಟ್ಟಿ ಸಾಲದಿದ್ರೆ ಇಂಧನ ಕಡಿಮೆ ಹಾಕ್ಕೊಂಡು, ಮಧ್ಯೆ ಎಲ್ಲಾದ್ರೂ ತುಂಬಿಸ್ಕೊಳ್ಳಬೇಕು.

ಪ್ರಶ್ನೆ: ಕೆಲವು ರೋಗಿಗಳಿದ್ದಾಗ ತಗ್ಗಿನಲ್ಲೇ ಹಾರ್ತಾರಂತೆ, ಯಾಕೆ ಮೇಡಂ?

ಉತ್ತರ (ಫ್ಲೈಟ್ ನರ್ಸ್): ಒತ್ತಡ ಇಳಿದಂತೆ ಗಾಳಿ ಹಿಗ್ಗುತ್ತೆ. ಕ್ಯಾಬಿನ್ 7,500 ಅಡಿಯ ಒತ್ತಡದಲ್ಲಿದ್ರೆ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಅಂದಾಜು ಶೇ. 30ರಷ್ಟು ಉಬ್ಬುತ್ತೆ. ಎದೆಗೂಡಿನಲ್ಲಿ ಗಾಳಿ ಸೇರಿದ್ರೆ ಹಾರೋ ಮೊದಲೇ ಡ್ರೈನ್ (ಗಾಳಿ ಹೊರಹಾಕೋ ನಳಿಕೆ) ಹಾಕೋದು ಕ್ರಮ. ತಲೆಬುರುಡೆಯೊಳಗೆ ಗಾಳಿ, ಕರುಳಿನ ಅಡಚಣೆ, ಡೈವಿಂಗ್‌ನಿಂದಾದ ತೊಂದರೆ ಇದ್ರೆ ಕ್ಯಾಬಿನ್ನನ್ನ ಸಮುದ್ರಮಟ್ಟದ ಒತ್ತಡದಲ್ಲಿ ಇಡೋಕೆ ಕೇಳ್ತೀವಿ. ಶ್ವಾಸನಾಳದ ಟ್ಯೂಬಿನ ಕಫ್ (ಸುತ್ತಲಿನ ಸಂದಿ ಮುಚ್ಚೋ ಗಾಳಿ ತುಂಬಿದ ಪುಟ್ಟ ಬಲೂನು) ಕೂಡ ಉಬ್ಬುತ್ತೆ. ಏರುವಾಗ ಮಾನೋಮೀಟರ್‌ನಲ್ಲಿ ನೋಡಿ 20ರಿಂದ 30 ಸೆಂ.ಮೀ. ನೀರಿನ ಒತ್ತಡದೊಳಗೆ ತರಬೇಕು, ಇಳಿಯುವಾಗ ಮತ್ತೆ ನೋಡಬೇಕು. ಎರಡನೇದನ್ನ ಮರೆತರೆ ಕಫ್ ಸಡಿಲಾಗಿ ಗಾಳಿ ಸೋರುತ್ತೆ.

ಉತ್ತರ (ಪೈಲಟ್): ಮೇಡಂ ಕೇಳಿದ್ದು ಕೊಡೋಕೆ ಪಿಸಿ-12ರಲ್ಲಿ 13,000 ಅಡಿ ದಾಟೋಹಾಗಿಲ್ಲ, ಒಳಗೂ ಹೊರಗೂ ಕ್ಯಾಬಿನ್ ತಡೆಯೋ ಒತ್ತಡ ವ್ಯತ್ಯಾಸ 5.75 ಪಿಎಸ್ಐ (ಚದರ ಇಂಚಿಗೆ ಪೌಂಡ್) ಅಷ್ಟೇ. ಅಷ್ಟು ತಗ್ಗಿನಲ್ಲಿ ಹಾರಿದ್ರೆ ಟರ್ಬೋಪ್ರಾಪ್ ಹೆಚ್ಚು ಇಂಧನ ಕುಡಿಯುತ್ತೆ. ಹಾಗಾಗಿ ಈ ಮಾತು ಹೊರಡೋ ಮೊದಲೇ ತಿಳಿಸಿ, ಟ್ಯಾಂಕ್ ತುಂಬಿಸೋ ಹೊತ್ತಿಗೆ ಗೊತ್ತಿರಬೇಕು.