ಟ್ಯಾಕ್ಸ್ ಆಮ್ನೆಸ್ಟಿ: ಕ್ಷಮೆಯೋ, ಮನ್ನಾವೋ, ತೀರುವಳಿಯೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ವಂದನೆಗಳು.

ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ಸರಕು ಮಾರುವ ಕನ್ನಡಿಗ ವರ್ತಕರಿಗಾಗಿ ತೆರಿಗೆ ಬಾಕಿಯ ಕುರಿತ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಟ್ಯಾಕ್ಸ್ ಆಮ್ನೆಸ್ಟಿ’ ಎಂಬ ಮಾತಿಗೆ ಮೊದಲ ಕರಡಿನಲ್ಲಿ ಹೆಚ್ಚು ಯೋಚಿಸದೆ ‘ತೆರಿಗೆ ಮನ್ನಾ ಯೋಜನೆ’ ಎಂದು ಬರೆದಿದ್ದೆ. ಕರಡನ್ನು ಓದಿದ ವರ್ತಕರೊಬ್ಬರು, ‘ಹಾಗಾದರೆ ಹಳೆಯ ತೆರಿಗೆ ಕಟ್ಟುವುದೇ ಬೇಡವೇ?’ ಎಂದು ಸಂತೋಷದಿಂದ ಕೇಳಿದರು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ, ನಾನು ಬರೆದದ್ದರಲ್ಲಿತ್ತು. ಅಂದಿನಿಂದ ಈ ಒಂದು ಪದ ನನ್ನನ್ನು ಕಾಡುತ್ತಿದೆ.

ಮೊದಲು ವಿಷಯವನ್ನು ಹೇಳಿಬಿಡುತ್ತೇನೆ. ಅಲ್ಲಿ ಮಾರಾಟ ತೆರಿಗೆಯನ್ನು ವಿಧಿಸುವುದು ಒಕ್ಕೂಟ ಸರ್ಕಾರವಲ್ಲ, ರಾಜ್ಯಗಳು ಮತ್ತು ಸ್ಥಳೀಯ ಆಡಳಿತಗಳು. 1980ರ ದಶಕದ ಮೊದಲ ವರ್ಷಗಳಲ್ಲಿ ಅರಿಜೋನಾ, ಮ್ಯಾಸಚೂಸೆಟ್ಸ್, ಇಲಿನಾಯ್ ಮೊದಲಾದ ರಾಜ್ಯಗಳು ‘ಟ್ಯಾಕ್ಸ್ ಆಮ್ನೆಸ್ಟಿ’ ಎಂಬ ಒಂದು ಕ್ರಮವನ್ನು ಆರಂಭಿಸಿದವು: ಕೆಲವು ವಾರಗಳ ಗಡುವು ಕೊಟ್ಟು, ಅದರೊಳಗೆ ಹಳೆಯ ಬಾಕಿಯನ್ನು ಒಪ್ಪಿಕೊಂಡು ಕಟ್ಟಿದವರಿಗೆ ದಂಡವನ್ನೂ ಬಡ್ಡಿಯಲ್ಲಿ ಒಂದಷ್ಟು ಪಾಲನ್ನೂ ಬಿಟ್ಟುಬಿಡುವುದು. ಪೆನ್ಸಿಲ್ವೇನಿಯಾ ರಾಜ್ಯವು 2017ರ ಏಪ್ರಿಲ್ 21ರಿಂದ ಜೂನ್ 19ರವರೆಗೆ ನಡೆಸಿದ ಯೋಜನೆಯಲ್ಲಿ ದಂಡವನ್ನು ಪೂರ್ತಿಯಾಗಿ, ಬಡ್ಡಿಯನ್ನು ಅರ್ಧದಷ್ಟು ಬಿಟ್ಟಿತು; ಅಸಲು ತೆರಿಗೆಯಲ್ಲಿ ಒಂದು ಡಾಲರನ್ನೂ ಬಿಡಲಿಲ್ಲ. 2010ರಲ್ಲಿ ಅದೇ ರಾಜ್ಯದ ಇಂಥದೇ ಯೋಜನೆಯ ಲಾಭ ಪಡೆದಿದ್ದವರಿಗೆ ಎರಡನೆಯ ಸಲ ಪ್ರವೇಶವೂ ಇರಲಿಲ್ಲ. ಆದ್ದರಿಂದ ‘ತೆರಿಗೆ ಮನ್ನಾ’ ಎನ್ನುವಲ್ಲಿ ಮನ್ನಾ ಆಗದ ವಸ್ತು ಯಾವುದಾದರೂ ಇದ್ದರೆ ಅದು ತೆರಿಗೆಯೇ.

ತೊಡಕು ಇರುವುದು ‘ಮನ್ನಾ’ ಎಂಬ ಪದದಲ್ಲಿ ಅಲ್ಲ, ಅದರ ಹಿಂದೆ ಕುಳಿತ ಪೂರ್ವಪದದಲ್ಲಿ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ‘ಸಾಲಮನ್ನಾ’ ಎಂದರೆ ಸಾಲವೇ ಹೋಗುತ್ತದೆ, ‘ಬಡ್ಡಿಮನ್ನಾ’ ಎಂದರೆ ಬಡ್ಡಿ ಮಾತ್ರ ಹೋಗುತ್ತದೆ, ‘ಶುಲ್ಕಮನ್ನಾ’ ಎಂದರೆ ಶುಲ್ಕ ಹೋಗುತ್ತದೆ. ಪೂರ್ವಪದದಲ್ಲಿ ಏನಿದೆಯೋ ಅದನ್ನೇ ಬಿಟ್ಟುಕೊಟ್ಟರೆಂದು ಓದುಗರು ವಿಗ್ರಹವಾಕ್ಯ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ‘ಟ್ಯಾಕ್ಸ್’ ಎಂಬ ಪೂರ್ವಪದವು ಕ್ಷಮೆ ಯಾವ ಕ್ಷೇತ್ರದ್ದು ಎಂಬುದನ್ನಷ್ಟೇ ಸೂಚಿಸುತ್ತದೆ. ಏನನ್ನು ಕ್ಷಮಿಸಿದರು ಎಂಬುದನ್ನು ಹೇಳುವುದಿಲ್ಲ. ನಾವು ಎರಡು ಪದಗಳನ್ನೂ ಒಂದೊಂದಾಗಿ ಕನ್ನಡಿಸಿ ಪಕ್ಕಪಕ್ಕದಲ್ಲಿ ಇಟ್ಟ ಕೂಡಲೇ ‘ತೆರಿಗೆಯ ವಿಷಯದಲ್ಲಿ ಕ್ಷಮೆ’ ಎಂಬುದು ‘ತೆರಿಗೆಯನ್ನೇ ಬಿಡುವುದು’ ಎಂದಾಗುತ್ತದೆ. ‘ಮಾಫಿ’ ಎಂದರೂ ಇದೇ ಗತಿ. ‘ತೆರಿಗೆ ವಿನಾಯಿತಿ’ಯಂತೂ ಸಲ್ಲದು, ಅದು ತೆರಿಗೆ ಬೀಳುವುದಕ್ಕೆ ಮೊದಲೇ ಸಿಗುವ ರಿಯಾಯಿತಿಗೆ ರೂಢಿಯಾಗಿರುವ ಮಾತು.

ಇನ್ನು ಕೆಲವು ಪತ್ರಿಕೆಗಳ ಅನುವಾದದ ಜಾಡಿನಲ್ಲಿ ‘ಕರ ಕ್ಷಮಾದಾನ’ ಎನ್ನಬಹುದೇ? ಮೂಲಕ್ಕೆ ಹೋದರೆ ‘ಆಮ್ನೆಸ್ಟಿ’ ಎಂಬುದು ಗ್ರೀಕ್ ಭಾಷೆಯ ಮರೆವು ಎಂಬರ್ಥದ ಪದದಿಂದ ಬಂದದ್ದು. ನೆನಪು ಹೋಗುವ ಕಾಯಿಲೆಯ ‘ಅಮ್ನೇಷಿಯಾ’ ಅದರ ಒಡಹುಟ್ಟು. ಕ್ರಿ.ಪೂ. 403ರಲ್ಲಿ ಮೂವತ್ತು ಮಂದಿ ನಿರಂಕುಶರ ಆಳ್ವಿಕೆ ಉರುಳಿದ ಮೇಲೆ ಅಥೆನ್ಸಿನ ಪ್ರಜೆಗಳು, ಹಿಂದೆ ಆದ ಕೇಡನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಪ್ರಮಾಣ ಮಾಡಿದ್ದು ಈ ಬಗೆಯ ಮರೆವಿಗೆ ಹೆಸರಾದ ಉದಾಹರಣೆ. ನಮ್ಮಲ್ಲಿಯೂ ‘ಆದದ್ದನ್ನು ಮರೆತುಬಿಡು’ ಎಂದರೆ ಕ್ಷಮಿಸು ಎಂದೇ ಅರ್ಥವಾದ್ದರಿಂದ ಭಾವ ದೂರದ್ದಲ್ಲ. ಆದರೆ ‘ಕ್ಷಮಾದಾನ’ ಎಂಬ ಪದವನ್ನು ನಾವು ಮರಣದಂಡನೆಯಾದ ಕೈದಿಗೆ ರಾಷ್ಟ್ರಪತಿಗಳು ತೋರುವ ದಯೆಗೆ ಮೀಸಲಿಟ್ಟುಬಿಟ್ಟಿದ್ದೇವೆ. ಅದು ಒಬ್ಬ ವ್ಯಕ್ತಿಗೆ, ಅಪರಾಧ ಸಾಬೀತಾದ ಮೇಲೆ, ಮೇಲಿನವರ ಕೃಪೆಯಿಂದ ಸಿಗುವಂಥದು. ಆಮ್ನೆಸ್ಟಿಯಾದರೋ ಒಂದು ಗುಂಪಿಗೆ ಒಟ್ಟಾಗಿ ಅನ್ವಯಿಸುತ್ತದೆ, ಷರತ್ತು ಪೂರೈಸಿದ ಯಾರಿಗಾದರೂ ಸಿಗುತ್ತದೆ. ಅಲ್ಲದೆ ಬಾಕಿ ಉಳಿಸಿಕೊಂಡ ವರ್ತಕರೆಲ್ಲರೂ ತಪ್ಪಿತಸ್ಥರೇನೂ ಅಲ್ಲ. 2018ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಸೌತ್ ಡಕೋಟಾ ರಾಜ್ಯ ಮತ್ತು ವೇಫೇರ್ ಎಂಬ ಆನ್‌ಲೈನ್ ಮಾರಾಟ ಕಂಪನಿಯ ನಡುವಣ ಮೊಕದ್ದಮೆಯಲ್ಲಿ, ರಾಜ್ಯದೊಳಗೆ ಅಂಗಡಿಯಾಗಲೀ ಗೋದಾಮಾಗಲೀ ಇಲ್ಲದ ಮಾರಾಟಗಾರರಿಂದಲೂ ತೆರಿಗೆ ವಸೂಲಿ ಮಾಡಿಸಬಹುದು ಎಂದು ತೀರ್ಪು ಕೊಟ್ಟ ಮೇಲೆ, ತಾವು ಬಾಕಿದಾರರಾಗಿದ್ದೇವೆ ಎಂಬುದೇ ಗೊತ್ತಿಲ್ಲದೆ ಬಾಕಿದಾರರಾದವರು ಹಲವರು. ಅಂಥವರ ಮುಂದೆ ‘ಕ್ಷಮಾದಾನ’ ಎಂದು ಹಿಡಿದರೆ ಅವರು ಮುಖ ತಿರುಗಿಸುವುದು ಸಹಜ.

ಮೂರನೆಯದು ನಮ್ಮ ಕರ್ನಾಟಕದಲ್ಲಿಯೇ ಚಲಾವಣೆಯಲ್ಲಿರುವ, ನನಗೆ ಬಹಳ ಮೆಚ್ಚಿಗೆಯಾದ ‘ಕರಸಮಾಧಾನ’. ವಾಣಿಜ್ಯ ತೆರಿಗೆ ಇಲಾಖೆಯು 2017ರಲ್ಲಿ ಈ ಹೆಸರಿನ ಯೋಜನೆಯಡಿ, ಬಾಕಿ ತೆರಿಗೆಯನ್ನು ಪೂರ್ತಿ ಕಟ್ಟಿದವರಿಗೆ ಬಡ್ಡಿ ಮತ್ತು ದಂಡದಲ್ಲಿ ಶೇ. 90ರಷ್ಟನ್ನು ಬಿಟ್ಟಿತ್ತು. ವ್ಯವಸ್ಥೆ ಹೆಚ್ಚುಕಡಿಮೆ ಅಮೆರಿಕದ್ದರಂತೆಯೇ ಇದೆ, ಪದವೂ ಸಿದ್ಧವಾಗಿದೆ, ವರ್ತಕರಿಗೂ ಲೆಕ್ಕಪರಿಶೋಧಕರಿಗೂ ಪರಿಚಿತವಾಗಿದೆ. ‘ಸಮಾಧಾನ’ ಎನ್ನುವುದು ದುಃಖಿತರನ್ನು ಸಂತೈಸುವುದಕ್ಕೂ ವ್ಯಾಜ್ಯವನ್ನು ಬಗೆಹರಿಸುವುದಕ್ಕೂ ಒದಗುವ ಮಾತು. ‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯ ನಾಡಿನಲ್ಲಿ ಸುಂಕದವರೇ ಸಮಾಧಾನ ಹೇಳುವುದು ಒಂದು ಸೊಗಸಾದ ವ್ಯಂಗ್ಯವೂ ಹೌದು.

ಹಾಗಿದ್ದರೂ ನನಗೆ ಎರಡು ಅನುಮಾನಗಳಿವೆ. ಇಲ್ಲಿಯ ಯೋಜನೆಯಲ್ಲಿ ಮೇಲ್ಮನವಿ ಹಾಕಿದ್ದವರು ಅದನ್ನು ಹಿಂದಕ್ಕೆ ಪಡೆಯಬೇಕೆಂಬ ಷರತ್ತಿತ್ತು. ಎಂದರೆ ಇಲಾಖೆಗೂ ವರ್ತಕನಿಗೂ ನಡುವೆ ಒಂದು ಜಗಳವಿತ್ತು, ಅದು ಸಮಾಧಾನವಾಯಿತು. ಅಮೆರಿಕದ ಯೋಜನೆಗಳಿಗೆ ಬರುವವರಲ್ಲಿ ಎಂದೂ ನೋಂದಣಿಯನ್ನೇ ಮಾಡಿಸದ, ಇಲಾಖೆಯ ಕಣ್ಣಿಗೆ ಬಿದ್ದಿರದ ವರ್ತಕರೂ ಇರುತ್ತಾರೆ. ಅಲ್ಲಿ ವ್ಯಾಜ್ಯವೇ ಹುಟ್ಟಿಲ್ಲದಿರುವಾಗ ಸಮಾಧಾನವಾಗುವುದು ಏನು? ಎರಡನೆಯದಾಗಿ, ಆ ಯೋಜನೆಗಳಿಗೆ ‘ಸಮಾಧಾನ’ ಎಂಬ ಮೃದುವಾದ ಪದವು ಮರೆಮಾಚುವ ಒಂದು ಗಡಸು ಬೆನ್ನೂ ಇದೆ. ಇಲಿನಾಯ್ 2010ರಲ್ಲಿ ಅವಕಾಶ ಕೊಟ್ಟಾಗ, ಅರ್ಹರಿದ್ದೂ ಮುಂದೆ ಬಾರದವರ ದಂಡವನ್ನೂ ಬಡ್ಡಿಯನ್ನೂ ಗಡುವಿನ ನಂತರ ಇಮ್ಮಡಿ ಮಾಡಿತು. ಕ್ಯಾಲಿಫೋರ್ನಿಯಾ 2005ರಲ್ಲಿ ಹೊರಗುಳಿದವರ ಮೇಲೆ ಬಡ್ಡಿಯ ಅರ್ಧದಷ್ಟು ಮೊತ್ತವನ್ನು ಹೊಸ ದಂಡವಾಗಿ ಹೇರಿತು. ಓದುಗ ವರ್ತಕನಿಗೆ ಈ ಎಚ್ಚರಿಕೆಯ ಅಂಶವೇ ಮುಖ್ಯ, ಮತ್ತು ನಾನು ನೋಡಿದ ಯಾವ ಕನ್ನಡ ಪದದಲ್ಲಿಯೂ ಅದರ ಸುಳಿವಿಲ್ಲ. ಮೂಲ ಪದದಲ್ಲಿಯೂ ಇಲ್ಲವೆನ್ನಿ.

ಹಳೆಯ ಕಾಲದ ದಾನಶಾಸನಗಳ ಕಡೆಗೂ ಒಮ್ಮೆ ನೋಡಿದೆ. ದತ್ತಿಭೂಮಿಗೆ ಯಾವ ತೆರಿಗೆಯೂ ತಟ್ಟದಂತೆ ಬಿಟ್ಟುಕೊಡುವಾಗ ‘ಸರ್ವಬಾಧಾಪರಿಹಾರ’, ‘ಸರ್ವಮಾನ್ಯ’ ಎಂಬ ಪದಗಳು ಬರುತ್ತವೆ. ತೆರಿಗೆಯನ್ನು ‘ಬಾಧೆ’ ಎಂದೇ ಕರೆದ ನೇರನುಡಿ ನನಗೆ ಇಷ್ಟವಾಯಿತು. ಆದರೆ ಅವೆರಡೂ ಶಾಶ್ವತವಾದ ವಿನಾಯಿತಿಗಳು, ಹಳೆಯ ಬಾಕಿಗೆ ಸಂಬಂಧಿಸಿದವಲ್ಲ. ಮೇಲಾಗಿ ‘ಪರಿಹಾರ’ ಎಂದರೆ ಇಂದು ಸರ್ಕಾರ ಕೊಡುವ ಹಣ ಎಂದಾಗಿಬಿಟ್ಟಿದೆ.

ಶಾಸನಗಳಿಗಿಂತ ಹೆಚ್ಚು ನೆರವಾದದ್ದು ಸಹಕಾರ ಸಂಘಗಳ ಭಾಷೆ. ವಾಯಿದೆ ಮೀರಿದ ಸಾಲಕ್ಕೆ ‘ಸುಸ್ತಿ’, ಅದನ್ನು ಉಳಿಸಿಕೊಂಡವನಿಗೆ ‘ಸುಸ್ತಿದಾರ’, ಅದರ ಮೇಲೆ ಬೀಳುವ ಹೆಚ್ಚುವರಿ ಬಡ್ಡಿಗೆ ‘ಸುಸ್ತಿಬಡ್ಡಿ’, ಎಲ್ಲವನ್ನೂ ಮುಗಿಸಿಕೊಳ್ಳುವುದಕ್ಕೆ ‘ತೀರುವಳಿ’. ತಪ್ಪು, ಕ್ಷಮೆ, ದಯೆಗಳ ಸೋಂಕಿಲ್ಲದ ಈ ಪದಗಳು ಲೆಕ್ಕದ ಪುಸ್ತಕದಿಂದಲೇ ಎದ್ದು ಬಂದಂತಿವೆ. ಆದ್ದರಿಂದ ಎರಡನೆಯ ಕರಡಿನಲ್ಲಿ ‘ತೆರಿಗೆ ಬಾಕಿ ತೀರುವಳಿ ಯೋಜನೆ’ ಎಂದು ಹೆಸರಿಟ್ಟು, ಮೊದಲ ಸಲ ಬರುವಲ್ಲಿ ‘ಅಸಲು ತೆರಿಗೆಯನ್ನು ಪೂರ್ತಿ ಕಟ್ಟಿದರೆ ದಂಡವನ್ನೂ ಬಡ್ಡಿಯ ಒಂದು ಭಾಗವನ್ನೂ ಬಿಡುವ, ಗಡುವುಳ್ಳ ಯೋಜನೆ’ ಎಂದು ವಿವರಿಸಿದ್ದೇನೆ. ‘ತೀರುವಳಿ’ಯಲ್ಲಿ ತೀರಿಸುವವನು ವರ್ತಕನೇ ಆದ್ದರಿಂದ, ಹಣ ಕಟ್ಟಬೇಕಾದದ್ದು ತಾನು ಎಂಬ ಅರಿವು ಅವನಿಗೆ ಪದದಿಂದಲೇ ಆಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಇದಕ್ಕೂ ಒಂದು ಆಕ್ಷೇಪ ಬಂದಿದೆ. ಬ್ಯಾಂಕುಗಳ ‘ಏಕಕಾಲದ ತೀರುವಳಿ’ಯಲ್ಲಿ ಕೆಲವೊಮ್ಮೆ ಅಸಲಿನಲ್ಲಿಯೂ ಒಂದು ಪಾಲನ್ನು ಬಿಡುವುದುಂಟು, ಹಾಗಾಗಿ ಮತ್ತೆ ಅದೇ ಗೊಂದಲಕ್ಕೆ ದಾರಿಯಾಗುತ್ತದೆ ಎಂದು ಬ್ಯಾಂಕಿನಲ್ಲಿ ದುಡಿದ ಗೆಳೆಯರೊಬ್ಬರು ಹೇಳಿದರು. ಅಸಲಿನಲ್ಲಿಯೇ ಕಡಿತ ಮಾಡಿಕೊಂಡು ಒಪ್ಪಂದಕ್ಕೆ ಬರುವ ಬೇರೊಂದು ಕ್ರಮವೂ ಅಮೆರಿಕದಲ್ಲಿದೆ, ಅದಕ್ಕೆ ನಾನು ‘ರಾಜಿ’ ಎಂಬ ಪದವನ್ನು ತೆಗೆದಿರಿಸಿದ್ದೇನೆ. ಇಲಾಖೆಯ ಪತ್ರ ಬರುವ ಮೊದಲೇ ವರ್ತಕನು ತಾನಾಗಿ ಮುಂದೆ ಬಂದು, ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳ ಬಾಕಿಯನ್ನಷ್ಟೇ ಕಟ್ಟಿ ಮುಗಿಸುವ, ವರ್ಷವಿಡೀ ತೆರೆದಿರುವ ಇನ್ನೊಂದು ಏರ್ಪಾಡಿಗೆ ‘ಸ್ವಯಂಘೋಷಣೆ’ ಸಾಕು ಎನಿಸಿದೆ. ಈ ಮೂರೂ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿಯೇ ಬರುವುದರಿಂದ ಒಂದರ ಹೆಸರು ಇನ್ನೊಂದರ ಮೇಲೆ ಬೀಳಬಾರದು.

ಬಳಗದವರಲ್ಲಿ ನನ್ನ ಪ್ರಶ್ನೆಗಳು ಇವು. ‘ತೀರುವಳಿ’ ಎಂದ ಕೂಡಲೇ ಅಸಲಿನಲ್ಲಿಯೂ ಕಡಿತವಿದೆ ಎಂಬ ಭಾವನೆ ನಿಮಗೆ ಬರುತ್ತದೆಯೇ, ಅಥವಾ ಅದು ಬ್ಯಾಂಕಿನವರಿಗೆ ಮಾತ್ರ ಬರುವ ಭಾವನೆಯೇ? ಬರುವುದಾದರೆ, ಪೂರ್ವಪದವನ್ನೇ ಬದಲಿಸಿ ‘ದಂಡಬಡ್ಡಿ ಮನ್ನಾ’ ಎನ್ನುವುದು ಲೇಸೇ? ಆ ಸಮಾಸವನ್ನು ‘ದಂಡ ಮತ್ತು ಬಡ್ಡಿ’ ಎಂದು ದ್ವಂದ್ವವಾಗಿ ಓದುತ್ತೀರೋ, ‘ದಂಡರೂಪದ ಬಡ್ಡಿ’ ಎಂದು ಓದುತ್ತೀರೋ ಎಂಬುದನ್ನೂ ತಿಳಿಸಬೇಕು. ಎರಡನೆಯ ಓದೇ ಹೆಚ್ಚು ಮಂದಿಗೆ ಬರುವುದಾದರೆ ಪೂರ್ತಿಯಾಗಿ ಬಿಟ್ಟುಕೊಡುವ ದಂಡವೇ ಪದದಿಂದ ಜಾರಿಹೋಗುತ್ತದೆ. ಉತ್ತರ ಕರ್ನಾಟಕದ ಗೆಳೆಯರು ರಿಯಾಯಿತಿಗೆ ಬಳಸುವ ‘ಸೋಡಿ’ಯನ್ನು ಬಡ್ಡಿ ಬಿಡುವುದಕ್ಕೂ ಬಳಸುತ್ತಾರೆಯೇ, ಇಲ್ಲವೇ ಅದು ಅಂಗಡಿಯ ಬೆಲೆಗೆ ಮಾತ್ರ ಸೀಮಿತವೇ ಎಂಬುದನ್ನು ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.